ಹಿತ್ತಲಿನ ದಿನಚರಿ



ಕಳೆದ ವರ್ಷ ನಿಮ್ಮ ಹಿತ್ತಲಿನಲ್ಲಿ ಅವರೆಯನ್ನು ಯಾವ ದಿನ ಬಿತ್ತಿದಿರಿ ಎಂದು ಯಾರಾದರೂ ಕೇಳಿದರೆ ಏನು ಉತ್ತರ ಕೊಡುವಿರಿ? ಒಬ್ಬರು “ಮಳೆಗಾಲದಲ್ಲಿ” ಎನ್ನುವರು. ಮತ್ತೊಬ್ಬರು “ಹಬ್ಬಕ್ಕೆ ಸ್ವಲ್ಪ ಮುಂಚೆ” ಎನ್ನುವರು. ಕಾಯಿ ಎಷ್ಟು ಬಿಟ್ಟಿತು, ಹಿತಕಿದ ಬೇಳೆಯ ಸಾರು ಎಷ್ಟು ರುಚಿಯಾಗಿತ್ತು ಎಂಬ ಸಂಗತಿ ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪಿರುತ್ತದೆ. ನಮ್ಮ ನೆನಪಿನ ಸ್ವಭಾವವೇ ಅಂಥದು. ಅದು ಫಲವನ್ನು ಇಟ್ಟುಕೊಂಡು ದಿನವನ್ನು ಬಿಟ್ಟುಬಿಡುತ್ತದೆ. ತೋಟ ಮಾಡುವವಳಿಗಾದರೋ ಬೇಕಾದದ್ದು ದಿನವೇ. ಆದಕಾರಣ ತೋಟಕ್ಕೆ ಗುದ್ದಲಿ, ನೀರು, ಗೊಬ್ಬರಗಳು ಹೇಗೆ ಅವಶ್ಯವೋ ಹಾಗೆಯೇ ಒಂದು ಬರೆಯುವ ಪುಸ್ತಕವೂ ಅವಶ್ಯವೆಂಬುದನ್ನು ಈ ಲೇಖನದಲ್ಲಿ ತಿಳಿಸಬೇಕೆಂದಿರುತ್ತೇನೆ. ಇದನ್ನು ನಾನು ಪಾಂಡಿತ್ಯದಿಂದ ಕಲಿತವಳಲ್ಲ, ನಷ್ಟಪಟ್ಟು ಕಲಿತವಳು.

ನನ್ನ ತಪ್ಪು

ನಮ್ಮ ಮನೆ ಬಿನ್ನಿಪೇಟೆಯಲ್ಲಿದೆ. 1884ನೇ ಇಸವಿಯಲ್ಲಿ ಪ್ರಾರಂಭವಾದ ದೊಡ್ಡ ಬಟ್ಟೆಯ ಗಿರಣಿಯ ಸುತ್ತಲೂ ಬೆಳೆದ ಪೇಟೆ ಇದು. ಈಗ ಆ ಗಿರಣಿಯೂ ಇಲ್ಲ, ಹೊತ್ತು ಹೊತ್ತಿಗೆ ಕೇಳಿಬರುತ್ತಿದ್ದ ಅದರ ಕೂಗೂ ಇಲ್ಲ. ಆ ನೆಲದಲ್ಲಿ ಎತ್ತರವಾದ ವಾಸದ ಕಟ್ಟಡಗಳು ನಿಂತಿವೆ. ಆದರೂ ನಮ್ಮ ಹಿತ್ತಲು ಉಳಿದುಕೊಂಡಿದೆ. ಅದರ ಉದ್ದ 20 ಅಡಿ, ಅಗಲ 15 ಅಡಿ. ನಮ್ಮ ತಾಯಿಯವರು ಇದೇ ಶಾಲೆಯಲ್ಲಿ ಓದಿದವರು. ಅವರು 2009ರಲ್ಲಿ ತೀರಿಕೊಳ್ಳುವ ತನಕ ಆ ಹಿತ್ತಲನ್ನು ತಾವೇ ನೋಡಿಕೊಳ್ಳುತ್ತಿದ್ದರು. ಅನಂತರ ಅದು ನನ್ನ ಕೈಗೆ ಬಂತು.

ಸಂಕ್ರಾಂತಿಯ ಕಾಲದಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲೂ ಅವರೆಕಾಯಿಯ ರಾಶಿ ಇರುವುದು ನಿಮಗೆಲ್ಲ ಗೊತ್ತು. ಅವರೆ ಎಂದರೆ ಜನವರಿ ಎಂದು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. 2010ರ ಜನವರಿಯ ಕೊನೆಯಲ್ಲಿ ಸೊಗಡುಳ್ಳ ಒಳ್ಳೆಯ ಬೀಜವನ್ನು ಆರಿಸಿ ತಂದು ಗೋಡೆಯ ಪಕ್ಕದಲ್ಲಿ ಊರಿದೆನು. ಬಳ್ಳಿ ಬಲು ಚೆನ್ನಾಗಿ ಹಬ್ಬಿತು. ಬೇಸಗೆಯುದ್ದಕ್ಕೂ ದಿನಕ್ಕೆ ಎರಡು ಬಿಂದಿಗೆ ನೀರು ಹೊತ್ತು ಹಾಕಿದೆನು. ಚಪ್ಪರ ತುಂಬಿತು, ಎಲೆ ದಟ್ಟವಾಯಿತು, ಹೂ ಮಾತ್ರ ಒಂದೂ ಇಲ್ಲ. ಗೊಬ್ಬರ ಕಡಿಮೆಯಾಯಿತೆಂದು ಗೊಬ್ಬರ ಹಾಕಿದೆನು. ಬೀಜ ಕೆಟ್ಟದ್ದೆಂದು ಮಾರಿದವನನ್ನು ಮನಸ್ಸಿನಲ್ಲೇ ಬೈದೆನು. ಕೊನೆಗೆ ಜೂನ್ ತಿಂಗಳಲ್ಲಿ ಬೇಸರಗೊಂಡು ಬಳ್ಳಿಯನ್ನೆಲ್ಲ ಕಿತ್ತುಹಾಕಿದೆನು.

ಅದೇ ವಾರ ಅಟ್ಟದ ಪೆಟ್ಟಿಗೆಯನ್ನು ಶುಚಿಮಾಡುವಾಗ ತಾಯಿಯವರ ಹಳೆಯ ನೋಟು ಪುಸ್ತಕಗಳು ಸಿಕ್ಕಿದವು. ನಾನು ಚಿಕ್ಕಂದಿನಲ್ಲಿ ಅವುಗಳನ್ನು ದಿನಸಿಯ ಲೆಕ್ಕದ ಪುಸ್ತಕಗಳೆಂದು ತಿಳಿದಿದ್ದೆನು. ಅವುಗಳಲ್ಲೊಂದರಲ್ಲಿ ಒಂದೇ ಪುಟದಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯ ಸಾಲು: ಅವರೆ, ಬಾವಿಯ ಕಡೆ, ಜೂನ್ 20ರಂದು ಊರಿದ್ದು, ಮೊದಲ ಹೂ ನವೆಂಬರ್ 4. ಎರಡನೆಯ ಸಾಲು: ಅವರೆ, ಗೋಡೆಯ ಕಡೆ, ಆಗಸ್ಟ್ 5ರಂದು ಊರಿದ್ದು; ಮೊದಲ ಹೂ ನವೆಂಬರ್ 7. ಅದರ ಕೆಳಗೆ ತಾಯಿಯವರು ಹೀಗೆ ಬರೆದಿದ್ದರು: “ಆರು ವಾರ ಮುಂಚೆ ಊರಿದರೂ ಮೂರೇ ದಿನ ಮುಂಚೆ ಹೂ. ಇದು ನನ್ನ ಮಾತು ಕೇಳುವುದಿಲ್ಲ. ಚಳಿಗಾಲದ ಮಾತು ಕೇಳುತ್ತದೆ.”

ಈ ಎರಡು ಸಾಲುಗಳು ನನ್ನ ಆರು ತಿಂಗಳ ಕಷ್ಟಕ್ಕೆ ಉತ್ತರ ಹೇಳಿದವು. ಅವರೆಯ ನಾಡತಳಿಗಳು ಹಗಲಿನ ಉದ್ದವನ್ನು ನೋಡಿ ಹೂಬಿಡುವ ಜಾತಿಯವು. ನಮ್ಮ ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲಿಗೂ ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ನಮಗೆ ಅದು ತೋರುವುದೇ ಇಲ್ಲ, ಅವರೆಗೆ ತೋರುತ್ತದೆ. ಹಗಲು ಕುಗ್ಗುತ್ತ ಬರುವ ತನಕ ಅದು ಬಳ್ಳಿಯನ್ನು ಬೆಳೆಸುವುದೇ ಹೊರತು ಹೂವನ್ನು ಕೊಡುವುದಿಲ್ಲ. ಸೇವಂತಿಗೆಯೂ, ಕ್ರಿಸ್ಮಸ್ಸಿನ ವೇಳೆಗೆ ಕೆಂಪೇರುವ ಪಾಯಿನ್ಸೆಟ್ಟಿಯಾ ಗಿಡವೂ ಇದೇ ಸ್ವಭಾವದವು. ಗಿಡಗಳ ಈ ಗುಣವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಹಗಲಿನ ಉದ್ದವನ್ನು ಲಕ್ಷಿಸದ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ ಎಂಬ ಹೆಸರಿನಿಂದ ಹೊರತಂದಿರುತ್ತಾರೆ. ನಮ್ಮ ತಾಯಿಯವರು ಆ ವಿಜ್ಞಾನಿಗಳ ಹೆಸರನ್ನು ಕೇಳಿದವರಲ್ಲ. ಆದರೂ ಎರಡು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದಿಟ್ಟದ್ದರಿಂದ ಅವರಿಗೆ ಸತ್ಯವು ಕಾಣಿಸಿತು. ನಾನು ಪುಸ್ತಕವನ್ನು ಮೊದಲೇ ತೆರೆದಿದ್ದರೆ ಬೇಸಗೆಯ ಅಷ್ಟು ನೀರು ಉಳಿಯುತ್ತಿತ್ತು. ಜೂನ್ ತಿಂಗಳಲ್ಲಿ ಬಳ್ಳಿಯನ್ನು ಕೀಳುವ ಬದಲು ಚಳಿಗಾಲದ ತನಕ ಕಾಯುತ್ತಿದ್ದೆನು.

ಹಿರಿಯರ ಪದ್ಧತಿ

ತೋಟದ ಸಂಗತಿಗಳನ್ನು ಬರೆದಿಡುವ ಅಭ್ಯಾಸ ಹೊಸದಲ್ಲ. ಇಂಗ್ಲೆಂಡಿನ ಸೆಲ್ಬರ್ನ್ ಎಂಬ ಹಳ್ಳಿಯಲ್ಲಿದ್ದ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯವರು 1751ರಲ್ಲಿ ತಮ್ಮ ತೋಟದ ಪಂಚಾಂಗವನ್ನು ಬರೆಯಲು ಆರಂಭಿಸಿ, ಬಿತ್ತಿದ್ದು, ಮೊಳೆತದ್ದು, ಹಿಮಕ್ಕೆ ಸಿಕ್ಕಿ ಸತ್ತದ್ದು ಎಲ್ಲವನ್ನೂ ಗುರುತಿಸುತ್ತ ಹೋದರು. ಮುಂದೆ ಅಮೆರಿಕದ ಮೂರನೆಯ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅವರು 1766ರ ಮಾರ್ಚಿ 30ರಂದು, ತಮ್ಮ 22ನೆಯ ವಯಸ್ಸಿನಲ್ಲಿ, ಹಯಸಿಂತ್ ಹೂ ಅರಳತೊಡಗಿದ ಸುದ್ದಿಯೊಂದಿಗೆ ತೋಟದ ಪುಸ್ತಕವನ್ನು ಪ್ರಾರಂಭಿಸಿ 1824ರ ತನಕ ನಡೆಸಿದರು. ರಾಜ್ಯಕಾರ್ಯಗಳ ನಡುವೆ ಎಷ್ಟೋ ಪುಟಗಳು ಬರಿದಾಗಿ ಉಳಿದರೂ ಅವರು ಪುಸ್ತಕವನ್ನು ಬಿಡಲಿಲ್ಲವೆಂಬುದನ್ನು ನಾವು ಗಮನಿಸತಕ್ಕದ್ದು.

ದೂರದ ದೇಶದವರೇ ಏಕೆ? ಬಿನ್ನಿಪೇಟೆಗೆ ಲಾಲ್‌ಬಾಗು ದೂರವೇನೂ ಅಲ್ಲ. 1908ರಿಂದ 1932ರ ತನಕ ಆ ತೋಟದ ಮೇಲ್ವಿಚಾರಕರಾಗಿದ್ದ ಜರ್ಮನಿಯ ಕ್ರುಂಬಿಗಲ್ ಸಾಹೇಬರು ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸುವಾಗ ಒಂದು ಕ್ರಮವನ್ನು ಇಟ್ಟುಕೊಂಡಿದ್ದರು. ಒಂದು ಜಾತಿಯ ಮರ ಹೂಬಿಟ್ಟು ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಮತ್ತೊಂದು ಬೀದಿಯಲ್ಲಿ ಅರಳಬೇಕು. ವರ್ಷದ ಯಾವ ಕಾಲದಲ್ಲೂ ನಗರವು ಹೂವಿಲ್ಲದೆ ಇರಬಾರದು. ಇಂದಿಗೂ ಜಕರಂದದ ನೀಲಿ ಬಣ್ಣ ಉದುರುತ್ತಿರುವಾಗ ಗುಲ್ಮೊಹರಿನ ಕೆಂಪು ತಲೆದೋರುವುದನ್ನು ನಾವು ಕಾಣುತ್ತೇವೆ. ಯಾವ ಮರ ಯಾವ ತಿಂಗಳಲ್ಲಿ ಅರಳುವುದೆಂದು ನೋಡಿ ತಿಳಿದವರಲ್ಲದೆ ಮತ್ತಾರೂ ಇಂಥ ಏರ್ಪಾಟನ್ನು ಮಾಡಲಾರರು. ಅವರು ನಗರಕ್ಕೆ ಮಾಡಿದ್ದನ್ನು ನಾವು 20 ಅಡಿ ಹಿತ್ತಲಿಗೆ ಮಾಡಬಹುದು.

ಪುಸ್ತಕವು ಹೇಗಿರಬೇಕು?

ಬೆಲೆಬಾಳುವ ಪುಸ್ತಕ ಬೇಡ. ಮಕ್ಕಳು ಶಾಲೆಯಲ್ಲಿ ಉಪಯೋಗಿಸುವ ಗೆರೆಯುಳ್ಳ ನೋಟು ಪುಸ್ತಕವೇ ಸಾಕು. ಅದನ್ನು ಬಾಗಿಲ ಬಳಿ ಮೊಳೆಗೆ ತಗುಲಿಸಿ, ಒಂದು ಸೀಸದಕಡ್ಡಿಯನ್ನು ದಾರದಿಂದ ಕಟ್ಟಿಡಿರಿ. ಶಾಯಿಯು ನೀರಿಗೆ ಕರಗುತ್ತದೆ, ಸೀಸದಕಡ್ಡಿಯ ಬರಹ ಕರಗುವುದಿಲ್ಲ. ಒಳಗಿನ ಬೀರುವಿನಲ್ಲಿಟ್ಟ ಪುಸ್ತಕದಲ್ಲಿ ಬರೆಯುವವರು ಒಂದು ವಾರದಲ್ಲೇ ಬೇಸರಪಡುವರು.

ಮೊದಲನೆಯ ಪುಟದಲ್ಲಿ ಹಿತ್ತಲಿನ ನಕ್ಷೆಯನ್ನು ಬರೆದು ಪಾತಿಗಳಿಗೆ 1, 2, 3 ಎಂದು ಸಂಖ್ಯೆ ಕೊಡಿರಿ. ಉತ್ತರ ದಿಕ್ಕನ್ನು ಗುರುತಿಸಿರಿ. ಯಾವ ಪಾತಿಗೆ ಯಾವ ತಿಂಗಳಲ್ಲಿ ಎಷ್ಟು ಗಂಟೆ ಬಿಸಿಲು ಬೀಳುವುದೆಂದು ನೋಡಿ ಬರೆಯಿರಿ. ಇದು ಮುಖ್ಯವಾದದ್ದು. ಡಿಸೆಂಬರಿನಲ್ಲಿ ಸೂರ್ಯನು ತೆಂಕಣಕ್ಕೆ ಸರಿದಿರುತ್ತಾನಾದ್ದರಿಂದ ತೆಂಕಣ ದಿಕ್ಕಿನ ಕಟ್ಟಡದ ನೆರಳು ಚಳಿಗಾಲದಲ್ಲಿ ಹಿತ್ತಲನ್ನು ಮುಚ್ಚುವುದು. ಜೂನ್ ತಿಂಗಳಲ್ಲಿ ಅದೇ ಸ್ಥಳಕ್ಕೆ ನಡುಹಗಲ ಬಿಸಿಲು ನೇರವಾಗಿ ಬೀಳುವುದು. ನಮ್ಮ ನೆರೆಯಲ್ಲಿ ಒಂದು ಎತ್ತರದ ಮನೆ ಎದ್ದ ಮೇಲೆ 3ನೆಯ ಪಾತಿಯಲ್ಲಿ ಹೂಕೋಸು ಗಡ್ಡೆ ಕಟ್ಟದೆ ಹೋಯಿತು. ಮಣ್ಣು ಕೆಟ್ಟಿತೆಂದು ತಿಳಿದಿದ್ದೆನು. ಬಿಸಿಲಿನ ಲೆಕ್ಕವನ್ನು ನೋಡಿದ ಮೇಲೆ ಮಣ್ಣಿನ ದೋಷವಲ್ಲವೆಂದು ಗೊತ್ತಾಯಿತು. ಈಗ ಚಳಿಗಾಲದಲ್ಲಿ ಆ ಪಾತಿಗೆ ಅಷ್ಟಾಗಿ ಬಿಸಿಲನ್ನು ಬೇಡದ ದೊಡ್ಡಪತ್ರೆ, ಪುದೀನಗಳನ್ನು ಬಿಟ್ಟಿರುತ್ತೇನೆ.

ಅನಂತರದ ಪುಟಗಳಲ್ಲಿ ಪ್ರತಿಯೊಂದು ಬೆಳೆಗೂ ಏಳು ಸಂಗತಿಗಳನ್ನು ಬರೆಯತಕ್ಕದ್ದು: ಒಂದು, ಬೆಳೆಯ ಹೆಸರು ಮತ್ತು ತಳಿ; ಎರಡು, ಬೀಜ ಎಲ್ಲಿಂದ ಬಂತು; ಮೂರು, ಪಾತಿಯ ಸಂಖ್ಯೆ; ನಾಲ್ಕು, ಬಿತ್ತಿದ ದಿನ; ಐದು, ಮೊಳೆತ ದಿನ; ಆರು, ಮೊದಲನೆಯ ಮತ್ತು ಕೊನೆಯ ಕೊಯ್ಲಿನ ದಿನ; ಏಳು, ಹುಳ, ರೋಗ, ನಷ್ಟ. ಬೆಂಡೆ ಎಂದಷ್ಟೇ ಬರೆದರೆ ಸಾಲದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ಎಂಬ ತಳಿಯು ಎಲೆಯ ನರ ಹಳದಿಯಾಗುವ ರೋಗವನ್ನು ತಡೆಯುವಂಥದು. ಹೆಸರಿಲ್ಲದ ಬೀಜಕ್ಕೆ ಆ ಶಕ್ತಿ ಇರಲಾರದು. ತಳಿಯನ್ನು ಬರೆಯದಿದ್ದರೆ ಒಳ್ಳೆಯ ಬೀಜದ ಕೀರ್ತಿ ಗೊಬ್ಬರಕ್ಕೆ ಹೋಗುವುದು.

ಏಳನೆಯ ಸಂಗತಿಯನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಗಿಡ ಸತ್ತುಹೋದ ದಿನ ಪುಸ್ತಕವನ್ನು ಮುಟ್ಟಲು ಮನಸ್ಸು ಬರುವುದಿಲ್ಲ. ಆದರೆ ನಷ್ಟದ ಸಾಲುಗಳಿಲ್ಲದ ಪುಸ್ತಕದಿಂದ ಮುಂದಿನ ವರ್ಷಕ್ಕೆ ಪ್ರಯೋಜನವಿಲ್ಲ. ನನ್ನ ಪುಸ್ತಕದಲ್ಲಿ ಐದು ವರ್ಷಗಳ ಏಪ್ರಿಲ್ ತಿಂಗಳುಗಳಲ್ಲೂ “ಟೊಮ್ಯಾಟೊ, ಎಲೆ ಮುದುಡಿತು, ಬಿಳಿನೊಣ” ಎಂಬ ಒಂದೇ ಮಾತು ಇರುತ್ತದೆ. ಬೇಸಗೆಯಲ್ಲಿ ಬಿಳಿನೊಣ ಹೆಚ್ಚುವುದರಿಂದ ಅದು ಹರಡುವ ಎಲೆ ಮುದುಡು ರೋಗವೂ ಹೆಚ್ಚುತ್ತದೆ. ಐದು ಸಲ ಬರೆದ ಮೇಲೆ ಆರನೆಯ ಸಲ ಬೇಸಗೆಯಲ್ಲಿ ಟೊಮ್ಯಾಟೊ ನೆಡುವ ಮನಸ್ಸು ತಾನಾಗಿಯೇ ಹೋಯಿತು.

ಮಳೆಯನ್ನು ಅಳೆಯುವ ವಿಧಾನ

ಮಳೆ ಬಂತು, ಬರಲಿಲ್ಲ ಎಂದು ಬರೆಯುವುದಕ್ಕಿಂತ ಎಷ್ಟು ಬಂತೆಂದು ಬರೆಯುವುದು ಮೇಲು. ಮೇಲಿನಿಂದ ಕೆಳಗಿನ ತನಕ ಒಂದೇ ಅಗಲವುಳ್ಳ, ತಳ ಸಮನಾದ ಒಂದು ಡಬ್ಬಿಯನ್ನು ಮರ, ಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ಇಡಿರಿ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಮಕ್ಕಳ ಅಳತೆಪಟ್ಟಿಯನ್ನು ಅದರಲ್ಲಿ ನಿಲ್ಲಿಸಿ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ನೋಡಿ ಬರೆದುಕೊಂಡು ನೀರನ್ನು ಚೆಲ್ಲಿಬಿಡಿರಿ.

ಇದರ ಲೆಕ್ಕವು ಬಲು ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು ಬಿದ್ದಂತಾಯಿತು. ನಮ್ಮ ಹಿತ್ತಲು 300 ಚದರ ಅಡಿ, ಅಂದರೆ ಸುಮಾರು 28 ಚದರ ಮೀಟರ್. ಒಂದು ರಾತ್ರಿ 10 ಮಿಲಿಮೀಟರ್ ಮಳೆ ಬಂದರೆ 280 ಲೀಟರ್ ನೀರು ದೊರೆಯಿತು. 14 ಲೀಟರಿನ ಬಿಂದಿಗೆಯಲ್ಲಿ ಎಣಿಸಿದರೆ 20 ಬಿಂದಿಗೆ. ಆ ದಿನ ನೀರು ಹೊರಬೇಕಾದ್ದಿಲ್ಲ. ಆದರೆ ಎರಡು ಮಿಲಿಮೀಟರ್ ತುಂತುರು ಬಿದ್ದ ದಿನ ನೆಲದ ಮೇಲ್ಭಾಗ ಒದ್ದೆಯಾಗಿ ಕಂಡರೂ ಬೇರಿಗೆ ಏನೂ ಮುಟ್ಟಿರುವುದಿಲ್ಲ. ಕಣ್ಣು ಮೋಸಹೋಗುವುದು ಇಂಥ ದಿನಗಳಲ್ಲೇ.

ನಮ್ಮ ತಂದೆಯವರು ಮಾಗಡಿ ಕಡೆಯ ಹಳ್ಳಿಯವರು. ಅವರು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಹೇಳುತ್ತಿದ್ದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನ ಇರುವನೆಂಬ ಲೆಕ್ಕದಿಂದ ಏಪ್ರಿಲ್ ನಡುವೆ ಅಶ್ವಿನಿ, ಅದರ ಕೊನೆಗೆ ಭರಣಿ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಹೀಗೆ ಮುಂದೆ ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ, ತಿಂಗಳ ಕೊನೆಗೆ ಹಸ್ತೆ ಹುಟ್ಟುತ್ತವೆ. ಇವು ತಿಂಗಳಿಗಿಂತ ಚಿಕ್ಕವಾದ್ದರಿಂದ ಬಿತ್ತನೆಯ ಕಾಲವನ್ನು ಗುರುತಿಸಲು ಅನುಕೂಲ. ತಾಯಿಯವರು ಪುಟದ ಎಡಗಡೆ ತಾರೀಖನ್ನೂ ಬಲಗಡೆ ಮಳೆಯ ಹೆಸರನ್ನೂ ಬರೆಯುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಒಂದೇ ಒಂದು ಎಚ್ಚರಿಕೆ: ನಕ್ಷತ್ರದ ದಿನ ತಪ್ಪುವುದಿಲ್ಲ, ಮಳೆ ತಪ್ಪುವುದುಂಟು. ಆದ್ದರಿಂದ ಹೆಸರಿನ ಪಕ್ಕದಲ್ಲಿ ಡಬ್ಬಿಯ ಅಳತೆಯೂ ಇರಬೇಕು.

ನಮ್ಮ ಊರಿನ ಕಾಲಗಳು

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದಕಾರಣ ಇಲ್ಲಿ ಬಯಲುಸೀಮೆಯ ತರಕಾರಿಗಳೂ ತಂಪುಸೀಮೆಯ ತರಕಾರಿಗಳೂ ಬೆಳೆಯುತ್ತವೆ. ಮಳೆಯೂ ಒಂದೇ ಹಾಸಿನಲ್ಲಿ ಬರುವುದಿಲ್ಲ. ಮೇ ತಿಂಗಳಲ್ಲಿ ಒಂದು ಸಲ ಏರಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸುರಿಯುತ್ತದೆ. ಜನವರಿ, ಫೆಬ್ರವರಿಗಳು ಒಣ ತಿಂಗಳುಗಳು. ಹೊಸದಾಗಿ ಪುಸ್ತಕವನ್ನು ಆರಂಭಿಸುವವರಿಗೆ ಮೊದಲ ವರ್ಷದ ದಾರಿಗಾಗಿ ಕೆಲವು ಮಾತುಗಳನ್ನು ಬರೆಯುತ್ತೇನೆ.

ಜನವರಿ ಕೊನೆಯಿಂದ ಫೆಬ್ರವರಿ: ಚಳಿ ಇಳಿಯುತ್ತಲೇ ಬೆಂಡೆ, ಹೀರೆ, ಹಾಗಲ, ಪಡವಲಗಳನ್ನು ಊರಬಹುದು. ಬೆಂಡೆಯ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿರಿ. ಕಡುಚಳಿಯಲ್ಲಿ ಅದು ಸರಿಯಾಗಿ ಮೊಳೆಯುವುದಿಲ್ಲ.

ಮಾರ್ಚಿ, ಏಪ್ರಿಲ್: ಹೊಸ ಬೆಳೆಗಳನ್ನು ಹೆಚ್ಚಿಸದೆ ಹರಿವೆ, ದಂಟು, ಬಸಳೆಗಳಿಂದ ತೃಪ್ತರಾಗುವುದು ಲೇಸು. ಕೊತ್ತಂಬರಿಯು ಈ ಬಿಸಿಲಿನಲ್ಲಿ ಬೇಗ ಹೂವಿಗೆ ಹೋಗುವುದು.

ಮೇ, ಜೂನ್: ಸೇವಂತಿಗೆಯ ಮರಿಗಳನ್ನು ಬೇರ್ಪಡಿಸಿ ನೆಡುವ ಕಾಲ. ಮಳೆ ನೆಲೆಗೊಂಡ ಮೇಲೆ ಬೆಂಡೆ, ಹುರುಳಿಕಾಯಿ, ಸೌತೆ, ಕುಂಬಳಗಳು. ಮೊಳಕೆಯೊಡೆದ ಸೀಮೆಬದನೆಯ ಇಡೀ ಕಾಯನ್ನೇ ಹೂಳುವ ಸಮಯವೂ ಇದೇ. ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ ಸಾಹೇಬರಿಗಿಂತ ಮುಂಚೆ ಇದ್ದ ಜಾನ್ ಕ್ಯಾಮರನ್ ಅವರು ಈ ಸೀಮೆಬದನೆಯನ್ನು ನಮ್ಮ ಊರಿಗೆ ತಂದರೆಂದು ಪ್ರಸಿದ್ಧಿ. ತಮಿಳರು ಇದನ್ನು ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ.

ಜುಲೈ, ಆಗಸ್ಟ್: ನಾಡ ಅವರೆಯನ್ನು ಊರಿರಿ. ದಸರೆಗೆ ಬೇಕಾದ ಚೆಂಡುಹೂವಿನ ಸಸಿ ಮಾಡಿಕೊಳ್ಳಿರಿ.

ಸೆಪ್ಟೆಂಬರ್, ಅಕ್ಟೋಬರ್: ಎಲೆಕೋಸು, ಹೂಕೋಸು, ಮೂಲಂಗಿ, ಕ್ಯಾರೆಟ್, ಬಟಾಣಿ ಮೊದಲಾದ ತಂಪುಕಾಲದ ಬೆಳೆಗಳು. ಪಾತಿಗಳ ಅಂಚನ್ನು ಎತ್ತರಿಸದಿದ್ದರೆ ದೊಡ್ಡ ಮಳೆಗೆ ಬೀಜ ಕೊಚ್ಚಿಹೋಗುವುದು.

ನವೆಂಬರ್, ಡಿಸೆಂಬರ್: ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಗಳಿಗೆ ಒಳ್ಳೆಯ ಕಾಲ. ಕೊತ್ತಂಬರಿಯ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿರಿ.

ಇದು ಕೇವಲ ಊರುಗೋಲು. ಬಸವನಗುಡಿಯ ಬಯಲಿನ ಮನೆಗೂ ಚಾಮರಾಜಪೇಟೆಯ ಇಕ್ಕಟ್ಟಿನ ಅಂಗಳಕ್ಕೂ ಮಲ್ಲೇಶ್ವರದ ಮರಗಳ ನೆರಳಿಗೂ ಒಂದೇ ಪಂಚಾಂಗ ಸರಿಹೋಗದು. ಎರಡು ಮೂರು ವರ್ಷ ನೀವೇ ಬರೆದ ಪುಸ್ತಕವು ನನ್ನ ಈ ಪಟ್ಟಿಯನ್ನು ತಿದ್ದಬೇಕು.

ಹಿಂದಕ್ಕೆ ಎಣಿಸುವ ಲೆಕ್ಕ

ಪುಸ್ತಕದ ನಿಜವಾದ ಉಪಯೋಗವು ಅದನ್ನು ಓದುವಾಗ ಬರುತ್ತದೆ. ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತುವ ದಿನವನ್ನು ನಿಶ್ಚಯಿಸುವುದೇ ಆ ಉಪಯೋಗ. ಒಂದು ಉದಾಹರಣೆಯನ್ನು ಕೊಡುತ್ತೇನೆ. ಡಿಸೆಂಬರ್ 25ರ ಹಬ್ಬದ ಅಡಿಗೆಗೆ ಹಿತ್ತಲಿನ ಹೂಕೋಸು ಬೇಕೆಂದು ಇಟ್ಟುಕೊಳ್ಳೋಣ. ನಾವು ಹಾಕುವ ತಳಿಯು ಸಸಿ ನೆಟ್ಟ 75 ದಿನಕ್ಕೆ ಕೊಯ್ಲಿಗೆ ಬಂತೆಂದು ಹಿಂದಿನ ವರ್ಷದ ಪುಟ ಹೇಳುತ್ತದೆ. ಹಾಗಾದರೆ ಅಕ್ಟೋಬರ್ 11ರಂದು ಸಸಿ ನೆಡಬೇಕು. ಒಟ್ಟಲಿನಲ್ಲಿ ಸಸಿ ಬೆಳೆಯಲು 28 ದಿನ ಹಿಡಿಯಿತು. ಆದ್ದರಿಂದ ಬೀಜವನ್ನು ಸೆಪ್ಟೆಂಬರ್ 13ರಂದು, ಅಂದರೆ ಉತ್ತರೆ ಮಳೆ ಹುಟ್ಟುವ ದಿನ, ಚೆಲ್ಲತಕ್ಕದ್ದು. ಅಕ್ಟೋಬರಿನಲ್ಲಿ ಬೀಜ ಹಾಕಿ ಹಬ್ಬಕ್ಕೆ ಹೂಕೋಸು ಬರಲಿಲ್ಲವೆಂದು ಕೊರಗುವವರು ಲೆಕ್ಕದಲ್ಲಿ ತಪ್ಪಿದವರೇ ಹೊರತು ತೋಟದಲ್ಲಿ ತಪ್ಪಿದವರಲ್ಲ.

ಈ ಲೆಕ್ಕದ ಬೆಲೆ ನಮ್ಮ ಮನೆಯಲ್ಲಿ ಒಂದು ವರ್ಷ ಚೆನ್ನಾಗಿ ಗೊತ್ತಾಯಿತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ತಂದೆಯವರು ಕಾಯಿಲೆ ಬಿದ್ದು ಹತ್ತು ತಿಂಗಳು ಮಲಗಿದರು. ಸಂಬಳವಿಲ್ಲ, ನಾವು ನಾಲ್ವರು ಮಕ್ಕಳು. ಅಕ್ಕಿ, ರಾಗಿಗೆ ಹೇಗೋ ಹಣ ಹೊಂದುತ್ತಿತ್ತು, ತರಕಾರಿಗೆ ಹೊಂದುತ್ತಿರಲಿಲ್ಲ. ತಾಯಿಯವರು ಹಿತ್ತಲಿನಲ್ಲಿ ನಾಲ್ಕು ಹರಿವೆ ಪಾತಿಗಳನ್ನು ಮಾಡಿ ವಾರಕ್ಕೊಂದರಂತೆ ಬಿತ್ತಿದರು. ನಾಲ್ಕನೆಯದನ್ನು ಬಿತ್ತಿದ ಮುಂದಿನ ವಾರ ಮೊದಲನೆಯದು ಕೊಯ್ಲಿಗೆ ಬರುವುದು. ಕೊಯ್ದ ದಿನವೇ ಅದನ್ನು ಕೆದರಿ ಮತ್ತೆ ಬಿತ್ತುವುದು. ಹೀಗೆ ಪ್ರತಿ ವಾರವೂ ಒಂದು ಪಾತಿ ಸೊಪ್ಪು.

ಆದರೆ ಅವರ ಹಳೆಯ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇತ್ತು. ಹರಿವೆಯು ಏಪ್ರಿಲಿನಲ್ಲಿ 24 ದಿನಕ್ಕೆ ಕೊಯ್ಲಿಗೆ ಬಂದಿತ್ತು, ಡಿಸೆಂಬರಿನಲ್ಲಿ 36 ದಿನ ಹಿಡಿದಿತ್ತು. ಹಿಂದಿನ ಜನವರಿಯಲ್ಲಿ ಹಿತ್ತಲು ಒಂದು ವಾರಕ್ಕಿಂತ ಹೆಚ್ಚು ಬರಿದಾಗಿತ್ತು. ಅದನ್ನು ನೋಡಿ ತಾಯಿಯವರು ನವೆಂಬರಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಜಾಗವನ್ನು ಅಗೆದು ಐದನೆಯ ಪಾತಿಯನ್ನೂ, ಅದರ ಮುಂದೆ ಆರನೆಯದನ್ನೂ ಮಾಡಿದರು. ಆ ಚಳಿಗಾಲದಲ್ಲಿ ಯಾವ ವಾರವೂ ನಮಗೆ ಸೊಪ್ಪಿಲ್ಲದೆ ಹೋಗಲಿಲ್ಲ. ಆಗ ನಾವು ಮಕ್ಕಳು “ಇವತ್ತೂ ಸೊಪ್ಪಿನ ಸಾರೇ” ಎಂದು ಮುಖ ಸಿಂಡರಿಸುತ್ತಿದ್ದೆವು. ಆ ಸೊಪ್ಪು ತಟ್ಟೆಗೆ ಬರಬೇಕಾದರೆ ಎಷ್ಟು ಎಣಿಕೆ ನಡೆದಿತ್ತೆಂಬುದು ನನಗೆ ತಿಳಿದದ್ದು ಪುಸ್ತಕವನ್ನು ಓದಿದ ಮೇಲೆ. ತಾಯಿಯವರಿಗೆ ಹೇಳೋಣವೆಂದರೆ ಅವರು ಆಗ ಇರಲಿಲ್ಲ.

ನೀರಿಲ್ಲದ ವರ್ಷ

2024ರ ಬೇಸಗೆಯನ್ನು ಬೆಂಗಳೂರಿನವರು ಮರೆಯಲಾರರು. ಕೊಳವೆಬಾವಿಗಳು ಬತ್ತಿದವು. ಮಾರ್ಚಿಯಲ್ಲಿ ನಗರದ ಜಲಮಂಡಳಿಯವರು ಕುಡಿಯುವ ನೀರನ್ನು ತೋಟಕ್ಕೆ ಹಾಕಬಾರದೆಂದೂ, ಮೀರಿದವರಿಗೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿದರು. ಅದು ನ್ಯಾಯವಾದದ್ದೇ, ಮನುಷ್ಯರ ಬಾಯಾರಿಕೆ ಗಿಡದ ಬಾಯಾರಿಕೆಗಿಂತ ಮೊದಲು. ನಮ್ಮ ಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ದಿನಕ್ಕೆ ಎರಡು ಬಿಂದಿಗೆಯಷ್ಟು ಉಳಿಯುತ್ತಿತ್ತು. ಆ ಎರಡು ಬಿಂದಿಗೆಗೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಪುಸ್ತಕವನ್ನು ತೆರೆದೆನು. ಹರಿವೆಯ ಒಂದು ಪಾತಿ ಏಪ್ರಿಲಿನಲ್ಲಿ ದಿನಕ್ಕೆ ಅರ್ಧ ಬಿಂದಿಗೆ ಕುಡಿದು ತಿಂಗಳೊಳಗೆ ಕೊಯ್ಲು ಕೊಟ್ಟಿತ್ತು. ಟೊಮ್ಯಾಟೊ ಹೆಚ್ಚು ನೀರು ಕುಡಿದು ಎಲೆ ಮುದುಡಿ ಸತ್ತಿತ್ತು. ಎರಡು ಪಾತಿ ಹರಿವೆ, ಒಂದು ಬಸಳೆಯ ಬಳ್ಳಿ, ಕರಿಬೇವಿನ ಗಿಡ ಇಷ್ಟನ್ನು ಉಳಿಸಿ ಮಿಕ್ಕ ನೆಲಕ್ಕೆ ಒಣ ಎಲೆಯನ್ನು ಹೊದಿಸಿ ಸುಮ್ಮನೆ ಬಿಟ್ಟೆನು. ಏಪ್ರಿಲ್ ತಿಂಗಳಲ್ಲಿ ಡಬ್ಬಿಯು ಒಣಗಿಯೇ ಇತ್ತು. ಉಳಿಸಿದವು ಉಳಿದವು.

ಮಳೆ ಬಂದ ಮೇಲೆ ಆದದ್ದನ್ನೂ ಹೇಳಬೇಕು. ಜೂನ್ 1ರಂದು ನಾನು ಆತುರಪಟ್ಟು ಎರಡು ಪಾತಿಗಳಲ್ಲಿ ಹರಿವೆ, ದಂಟು ಬಿತ್ತಿದೆನು. ಮರುದಿನ, ಜೂನ್ 2ರಂದು, ನಗರದ ಹವಾಮಾನ ಕೇಂದ್ರದಲ್ಲಿ 111 ಮಿಲಿಮೀಟರ್ ಮಳೆಯಾಯಿತು. ಜೂನ್ ತಿಂಗಳ ಯಾವ ಒಂದು ದಿನದಲ್ಲೂ ಅಲ್ಲಿ ಅಷ್ಟು ಮಳೆ ಅದಕ್ಕೆ ಹಿಂದೆ ದಾಖಲಾಗಿರಲಿಲ್ಲ. ನನ್ನ ಬೀಜವೆಲ್ಲ ಚರಂಡಿಗೆ ಹೋಯಿತು. ಪುಸ್ತಕದಲ್ಲಿ ಹೀಗೆ ಬರೆದಿಟ್ಟಿದ್ದೇನೆ: “ಅಂಚು ಎತ್ತರಿಸಿರಲಿಲ್ಲ. ತಪ್ಪು ನನ್ನದು.” ಮುಂದಿನ ವರ್ಷದ ಮೇ ತಿಂಗಳ ಪುಟದಲ್ಲಿ ಮೊದಲ ಸಾಲಾಗಿ “ಅಂಚು ಎತ್ತರಿಸು” ಎಂದು ಮುಂಗಡವಾಗಿಯೇ ಬರೆದೆನು. ಕಾಲಗಳು ಮೊದಲಿನಂತೆ ನಡೆಯದಿರುವ ಈ ದಿನಗಳಲ್ಲಿ ಹಳೆಯ ಗಾದೆಗಳನ್ನು ನಂಬಿ ಕುಳಿತರೆ ಸಾಲದು. ಗಾದೆ ಮಾಡಿದವರಂತೆ ನಾವೂ ಕಣ್ಣಿಟ್ಟು ನೋಡಬೇಕು.

ಹಿತ್ತಲಿಲ್ಲದವರಿಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮಹಡಿ ಮನೆಗಳಲ್ಲಿದ್ದಾರೆ. ನಾಲ್ಕು ಕುಂಡಗಳಿದ್ದರೂ ಪುಸ್ತಕವು ಬೇಕು. ಕುಂಡಗಳಿಗೆ ಸಂಖ್ಯೆ ಕೊಟ್ಟರಾಯಿತು. ಕುಂಡದ ಮಣ್ಣು ಬೇಗ ಒಣಗುವುದರಿಂದ ನೀರಿನ ಲೆಕ್ಕ ಇನ್ನೂ ಅವಶ್ಯ. ಬರೆಯುವ ಕೆಲಸವನ್ನು ಮನೆಯ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ವಾರವಾರ ಹಂಚಿಕೊಡಿರಿ. ಮಕ್ಕಳ ಕೈಯಲ್ಲಿ ತಪ್ಪು ಅಕ್ಷರಗಳಿದ್ದರೆ ಚಿಂತೆಯಿಲ್ಲ. ದಿನಾಂಕವು ಸರಿಯಾಗಿದ್ದರೆ ಸಾಕು. ಒಂದು ದಿನ ಬರೆಯದೆ ಬಿಟ್ಟರೆ ಮರುದಿನ ಊಹಿಸಿ ತುಂಬಿಸಬೇಡಿರಿ. ಆ ಸಾಲನ್ನು ಖಾಲಿ ಬಿಡಿರಿ. ಖಾಲಿ ಸಾಲಿನಿಂದ ಯಾರೂ ಮೋಸಹೋಗುವುದಿಲ್ಲ. ಊಹೆಯ ಸಾಲಿನಿಂದ ಹೋಗುವರು.

ಮನೆಯಲ್ಲಿ ಮಾಡತಕ್ಕ ಅಭ್ಯಾಸಗಳು

1. ನಿಮ್ಮ ಅಂಗಳದ ಅಥವಾ ಮಹಡಿಯ ನಕ್ಷೆಯನ್ನು ಬರೆದು, ಈ ತಿಂಗಳು ಯಾವ ಭಾಗಕ್ಕೆ ಎಷ್ಟು ಗಂಟೆ ಬಿಸಿಲು ಬೀಳುವುದೆಂದು ಗುರುತಿಸಿರಿ. ಆರು ತಿಂಗಳ ಮೇಲೆ ಮತ್ತೆ ಗುರುತಿಸಿ ಎರಡನ್ನೂ ಹೋಲಿಸಿರಿ.

2. ಮೆಂತ್ಯದ ಸೊಪ್ಪನ್ನು ಡಿಸೆಂಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಬಿತ್ತಿ ಕೊಯ್ಲಿಗೆ ಎಷ್ಟು ದಿನ ಹಿಡಿಯಿತೆಂದು ಬರೆಯಿರಿ.

3. ನಿಮ್ಮ ಹಿತ್ತಲು 10 ಮೀಟರ್ ಉದ್ದ, 4 ಮೀಟರ್ ಅಗಲವಾಗಿದ್ದು 15 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್ ನೀರು ಬಿದ್ದಂತಾಯಿತು?

4. ಚೆಂಡುಹೂವು ಬಿತ್ತಿದ 60 ದಿನಕ್ಕೆ ಅರಳುವುದಾದರೆ ಈ ವರ್ಷದ ವಿಜಯದಶಮಿಗೆ ಯಾವ ದಿನ ಬಿತ್ತಬೇಕು?

5. ನಿಮ್ಮ ಮನೆಯ ಅತಿ ಹಿರಿಯರನ್ನು ಕೇಳಿ, ಅವರು ಯಾವ ಮಳೆಗೆ ಯಾವುದನ್ನು ಬಿತ್ತುತ್ತಿದ್ದರೆಂದು ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಇದನ್ನು ಮಾತ್ರ ಮುಂದೂಡಬೇಡಿರಿ.

ಸಹೋದರಿಯರೇ, ನನ್ನ ತಾಯಿಯವರ ಪುಸ್ತಕಗಳು ಈಗ ಹಳದಿಯಾಗಿವೆ. ಅಂಚುಗಳನ್ನು ಹುಳ ತಿಂದಿದೆ. ಆದರೂ ಪ್ರತಿವರ್ಷ ಜೂನ್ ಬಂದಾಗ ಅವರೆಯ ಪುಟವನ್ನು ತೆರೆದು, ಅವರ ಎರಡು ಸಾಲುಗಳ ಕೆಳಗೆ ನನ್ನದೊಂದು ಸಾಲನ್ನು ಸೇರಿಸುತ್ತೇನೆ. ಹೊಸ ಶಾಲಾ ವರ್ಷಕ್ಕೆ ಮಕ್ಕಳಿಗೆ ನೋಟು ಪುಸ್ತಕಗಳನ್ನು ಕೊಳ್ಳುವಾಗ ಒಂದು ಪುಸ್ತಕವನ್ನು ಹೆಚ್ಚಾಗಿ ಕೊಂಡು, ಈ ದಿನದ ತಾರೀಖನ್ನು ಅದರ ಮೊದಲ ಸಾಲಿನಲ್ಲಿ ಬರೆಯಿರಿ ಎಂಬುದೇ ನನ್ನ ಕೋರಿಕೆ.